ಯೋಗಾ ಮ್ಯಾಟಿನ ಮೇಲೆ ಅರಿಶಿನ

ನಮ್ಮ ಹನುಮಂತನಗರದ ರಸ್ತೆಗಳೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ಹಾಲು ತರಲು ಇಳಿಯಬೇಕು, ತಂದ ಮೇಲೆ ಹತ್ತಬೇಕು. ಐವತ್ತು ದಾಟಿದ ಹೆಂಗಸರು ಗೇಟಿನ ಹತ್ತಿರ ನಿಂತರೆ ಮಾತು ಮಂಡಿನೋವಿನಿಂದ ಶುರುವಾಗಿ ಬಿಪಿ, ಶುಗರ್‌ಗೆ ಹೋಗಿ ಮತ್ತೆ ಮಂಡಿನೋವಿಗೇ ಬರುತ್ತದೆ. ಡಾಕ್ಟರು "ವ್ಯಾಯಾಮ ಮಾಡಿ" ಎನ್ನುತ್ತಾರೆ. ನಾವು "ಆಯ್ತು ಡಾಕ್ಟ್ರೇ" ಎನ್ನುತ್ತೇವೆ. ಮನೆಗೆ ಬಂದು ಕುಕ್ಕರ್ ಇಡುತ್ತೇವೆ.

ನಾನು ಜಾನಕಮ್ಮ. ಮೂವತ್ತೊಂದು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಬುದ್ಧಿ ಹೇಳುವ ಚಟ ಇನ್ನೂ ಹೋಗಿಲ್ಲ. ಆದರೆ ಈ ಕಥೆಯಲ್ಲಿ ಬುದ್ಧಿ ಇಲ್ಲದೆ ನಡೆದುಕೊಂಡವರಲ್ಲಿ ನಾನೂ ಒಬ್ಬಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುಚ್ಚಿಟ್ಟಳು ಎನ್ನಬೇಡಿ.

ನಮ್ಮ ಪಕ್ಕದ ಮನೆಯವಳು ತ್ರಿಪುರಸುಂದರಿ. ನಾವೆಲ್ಲ ಸುಂದರಿ ಎಂದೇ ಕರೆಯುವುದು. ವಯಸ್ಸು ಐವತ್ತೊಂದು. ಗಂಡ ನಾಗಭೂಷಣ್ ಅವರಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆಗಳ ಅಂಗಡಿ ಇದೆ, ತಂದೆಯ ಕಾಲದ್ದು. ಒಬ್ಬಳೇ ಮಗಳು ಹರ್ಷಿತಾ, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಮದುವೆ ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಯೇ ಹಂಚುವುದು ನಮ್ಮಲ್ಲಿ ಪದ್ಧತಿ. ಹಿಂದೆಲ್ಲ ಮದುವೆ ಮನೆಯ ಹೆಂಗಸರು ಸುತ್ತ ಕೂತು, ಹರಟೆ ಹೊಡೆಯುತ್ತಾ ಹಚ್ಚುತ್ತಿದ್ದರು. ಈಗ ಯಾರಿಗೆ ಪುರುಸೊತ್ತು? ನಾಗಭೂಷಣ್ ಅದಕ್ಕೊಂದು ದಾರಿ ಹುಡುಕಿದರು. "ಮುತ್ತೈದೆ ಕೈಯಲ್ಲಿ ಅರಿಶಿನ ಹಚ್ಚಿಸಿ, ಕವರ್‌ಗೆ ಹಾಕಿ ಕೊಡ್ತೀವಿ" ಎಂದು ಗಿರಾಕಿಗಳಿಗೆ ಹೇಳತೊಡಗಿದರು. ಗಿರಾಕಿಗಳು ಮುಗಿಬಿದ್ದರು. ಆ ಮುತ್ತೈದೆ ಬೇರೆ ಯಾರೂ ಅಲ್ಲ, ಸುಂದರಿ ಒಬ್ಬಳೇ. ಪತ್ರಿಕೆಯ ಕಟ್ಟುಗಳು ಸ್ಕೂಟರಿನಲ್ಲಿ ಮನೆಗೆ ಬರುತ್ತಿದ್ದವು. ಅವಳು ನಡುಮನೆಯ ನೆಲದ ಮೇಲೆ ಕೂತು, ಬಟ್ಟಲಿನಲ್ಲಿ ಅರಿಶಿನ ಕಲಸಿಟ್ಟುಕೊಂಡು, ಬಲಗೈ ಹೆಬ್ಬೆರಳಲ್ಲಿ ಒಂದೊಂದೇ ಮೂಲೆಗೆ ಹಚ್ಚಿ, ಒಣಗಲು ಹರಡುತ್ತಿದ್ದಳು. ಲಗ್ನದ ಸೀಸನ್ ಬಂತೆಂದರೆ ದಿನಕ್ಕೆ ಆರುನೂರು, ಏಳುನೂರು ಪತ್ರಿಕೆ. ಆ ಹೆಬ್ಬೆರಳಿನ ಉಗುರು ವರ್ಷದಲ್ಲಿ ಎಂಟು ತಿಂಗಳು ಹಳದಿಯಾಗಿಯೇ ಇರುತ್ತಿತ್ತು.

ಒಂದೂವರೆ ವರ್ಷದ ಹಿಂದೆ ನಮ್ಮ ಮಹಿಳಾ ಸಂಘಕ್ಕೆ ಆರೋಗ್ಯ ಕೇಂದ್ರದ ನರ್ಸ್ ಮಾನಸ ಬಂದು ಎಲ್ಲರ ಬಿಪಿ ನೋಡಿದಳು. ಸುಂದರಿಯದು ಮೇಲಿನದು ನೂರ ಅರವತ್ತು, ಕೆಳಗಿನದು ನೂರು.

"ಅಮ್ಮ, ನಾಳೆನೇ ಡಾಕ್ಟರ್ ಹತ್ರ ಹೋಗಿ" ಎಂದಳು ಮಾನಸ. "ತಲೆನೋವು ಗಿಲೆನೋವು ಇಲ್ವಲ್ಲ ಅಂತ ಸುಮ್ನೆ ಇರಬೇಡಿ. ಬಿಪಿ ಹೇಳಿ ಕೇಳಿ ಬರಲ್ಲ."

ಡಾಕ್ಟರು ಮಾತ್ರೆ ಕೊಟ್ಟರು. ದಿನಕ್ಕೆ ಅರ್ಧ ಗಂಟೆ ವ್ಯಾಯಾಮ, ಉಪ್ಪು ಕಡಿಮೆ ಎಂದರು. ಹರ್ಷಿತಾ ಮಾರನೆಯ ದಿನವೇ ಅಮ್ಮನನ್ನು ಕರೆದುಕೊಂಡು ಹೋಗಿ ಬೇಕರಿ ಮೇಲಿನ ಜಿಮ್‌ಗೆ ಸೇರಿಸಿದಳು. ಬೆಳಗ್ಗೆ ಆರೂವರೆಗೆ ತಾಯಿ ಮಗಳು ಹೊರಡುತ್ತಿದ್ದರು. ಸುಂದರಿ ಚೂಡಿದಾರದ ಮೇಲೆ ಹರ್ಷಿತಾಳ ಹಳೆಯ ಬೂಟು ಹಾಕಿಕೊಳ್ಳುತ್ತಿದ್ದಳು. ನಾನು ಗೇಟಿನಲ್ಲಿ ನಿಂತು, "ಏನಮ್ಮಾ ಸುಂದರಿ, ಪದಕ ಯಾವಾಗ ತರ್ತೀಯ?" ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಆದರೆ ಎರಡನೆಯ ವಾರದಿಂದ ನಮ್ಮ ಗೇಟು ತಪ್ಪಿಸಿ ಹಿಂದಿನ ರಸ್ತೆಯಿಂದ ಹೋಗತೊಡಗಿದಳು. ಅದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ಒಂದು ದಿನ ನಾನೇ ಕೇಳಿದೆ. "ಅಲ್ಲಿ ಅಂಥದ್ದೇನಿದೆಯೇ? ಆ ಮೆಷಿನ್ ಮೇಲೆ ನಡೆಯೋ ಬದಲು ನಮ್ಮ ಏರಿನಲ್ಲೇ ನಡೀಬಾರದಾ?"

ಸುಂದರಿ ಸ್ವಲ್ಪ ಯೋಚಿಸಿ ಹೇಳಿದಳು. "ಅಲ್ಲಿ ನನ್ನ ಯಾರೂ ಕರೆಯಲ್ಲ ಅಕ್ಕ. ಫೋನು ಲಾಕರ್‌ನಲ್ಲಿ ಇಟ್ಬಿಡ್ತೀನಿ. ಒಂದು ಗಂಟೆ ನಾನು ಯಾರೂ ಅಲ್ಲ."

ನಾನು ಇದೇನು ಮಾತು ಎಂದುಕೊಂಡು ಒಳಗೆ ಹೋದೆ.

ಹದಿನೆಂಟು ದಿನ ಹೋದಳು. ಅಷ್ಟರಲ್ಲಿ ಮಾಘ ಮಾಸ ಬಂತು, ಲಗ್ನಗಳು ಶುರುವಾದವು, ಮನೆ ತುಂಬ ಪತ್ರಿಕೆಯ ಕಟ್ಟುಗಳು. ಒಂದು ಭಾನುವಾರ ಮಾನಸ ಬಿಪಿ ನೋಡಲು ಬಂದಿದ್ದಳು. ನಾನೂ ಅಲ್ಲೇ ಕೂತಿದ್ದೆ. ನಾಗಭೂಷಣ್ ಅಂಗಡಿಯಿಂದ ಬರುವಾಗ ನೀಲಿ ಬಣ್ಣದ ಒಂದು ಯೋಗಾ ಮ್ಯಾಟ್ ತಂದಿದ್ದರು.

"ನೋಡಮ್ಮಾ ಮಾನಸ" ಎಂದರು. "ಜಿಮ್‌ನಲ್ಲಿ ಮಾಡೋದನ್ನೇ ಮನೇಲಿ ಮಾಡಿದ್ರೆ ಆಗಲ್ವಾ? ಕೈಕಾಲು ಅವೇ ತಾನೆ? ಮೊಬೈಲ್‌ನಲ್ಲಿ ಎಲ್ಲಾ ಹೇಳ್ಕೊಡ್ತಾರೆ."

"ಖಂಡಿತ ಆಗುತ್ತೆ ಸರ್" ಎಂದಳು ಮಾನಸ. "ಜಿಮ್ಮೇ ಆಗ್ಬೇಕು ಅಂತ ಎಲ್ಲೂ ಇಲ್ಲ. ಬಿರುಸಾಗಿ ನಡೆದ್ರೂ ಸರಿ, ಮನೇಲಿ ಕುರ್ಚಿ ಹಿಡ್ಕೊಂಡು ಎದ್ದು ಕೂತು ಮಾಡಿದ್ರೂ ಸರಿ. ವಾರಕ್ಕೆ ಐದು ದಿನ, ಅರ್ಧರ್ಧ ಗಂಟೆ. ಸ್ವಲ್ಪ ಏದುಸಿರು ಬರ್ಬೇಕು, ಆದ್ರೆ ಮಾತಾಡೋಕೆ ಆಗ್ಬೇಕು. ಎದೆನೋವು, ತಲೆಸುತ್ತು ಬಂದ್ರೆ ನಿಲ್ಲಿಸ್ಬೇಕು."

"ಕೇಳಿದ್ಯಾ?" ಎಂದು ನಾಗಭೂಷಣ್ ಹೆಂಡತಿಯ ಕಡೆ ತಿರುಗಿದರು.

"ಒಂದು ಮಾತು ಸರ್" ಎಂದಳು ಮಾನಸ. "ಮನೇಲಿ ಮಾಡೋದಾದ್ರೆ ಆ ಅರ್ಧ ಗಂಟೆ ಅಮ್ಮನ್ನ ಯಾರೂ ಕರೀಬಾರದು. ಕಾಫಿ ಕೇಳ್ಬಾರದು, ಟವೆಲ್ ಎಲ್ಲಿ ಅಂತ ಕೇಳ್ಬಾರದು. ಅದು ನಿಮ್ಮನೇಲಿ ಆಗುತ್ತಾ?"

"ಅಪ್ಪನಿಗಾ?" ಎಂದು ಹರ್ಷಿತಾ ನಕ್ಕಳು. "ಅಪ್ಪನಿಗೆ ಎದುರಿಗಿರೋ ಕನ್ನಡಕವನ್ನೂ ಅಮ್ಮನೇ ಕೊಡ್ಬೇಕು. ಸೀಸನ್ ಮುಗಿದ್ಮೇಲೆ ಜಿಮ್‌ಗೇ ಹೋಗೋಣ ಅಮ್ಮ."

"ಏಯ್, ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದರು ನಾಗಭೂಷಣ್. "ಆರೂವರೆಯಿಂದ ಏಳರವರೆಗೆ ಅವಳ ಟೈಮು. ಒಪ್ಪಿದೆ. ಏನಂತೀರಿ ಜಾನಕಮ್ಮನೋರೇ?"

ನನ್ನನ್ನು ಕೇಳಿದರು. ಆಗಲಾದರೂ ನಾನು ಸುಂದರಿಯ ಮಾತು ನೆನಪಿಸಿಕೊಳ್ಳಬೇಕಿತ್ತು. "ಮನೆಯೇ ವಾಸಿ ಬಿಡಿ. ಈ ವಯಸ್ಸಲ್ಲಿ ಬೀದೀಲಿ ಬೂಟು ಹಾಕ್ಕೊಂಡು ಓಡಾಡೋದು ಯಾಕೆ" ಎಂದೆ. ಸುಂದರಿಯನ್ನು ಯಾರೂ ಕೇಳಲಿಲ್ಲ. ಅವಳು ಅಷ್ಟರಲ್ಲಿ ಎಲ್ಲರಿಗೂ ಕಾಫಿ ತರಲು ಒಳಗೆ ಎದ್ದು ಹೋಗಿದ್ದಳು.

ಅವರ ಮನೆಯ ಅಂಗಳದಲ್ಲಿ ಒಂದು ಕರಿಬೇವಿನ ಗಿಡವಿದೆ. ಬೆಳಗ್ಗೆ ಒಗ್ಗರಣೆಗೆ ನಾನು ಅಲ್ಲಿಂದಲೇ ತರುವುದು, ಇಪ್ಪತ್ತು ವರ್ಷದ ಅಭ್ಯಾಸ. ಆರೂ ಮುಕ್ಕಾಲಿಗೆ ಬೆಲ್ ಒತ್ತುತ್ತಿದ್ದೆ. ಸುಂದರಿ ಬಾಗಿಲು ತೆಗೆಯುವಾಗ ಹಿಂದೆ ನೀಲಿ ಮ್ಯಾಟ್ ಹಾಸಿರುವುದು ಕಾಣುತ್ತಿತ್ತು. ಸದ್ಯ, ವ್ಯಾಯಾಮ ನಡೆಯುತ್ತಿದೆ ಎಂದು ನೆಮ್ಮದಿಯಾಗಿ ಕರಿಬೇವು ಕಿತ್ತುಕೊಂಡು, ಕಾಲು ಗಂಟೆ ಮಾತಾಡಿಕೊಂಡು ಬರುತ್ತಿದ್ದೆ. ಹೌದು, ಕಾಲು ಗಂಟೆ. ಉಳಿದ ಕಾಲು ಗಂಟೆಗೆ ಹಾಲಿನವರು, ನೀರಿನ ಮೋಟಾರು, ನಾಗಭೂಷಣ್ ಅವರ ಕನ್ನಡಕ.

ಒಂದೂವರೆ ತಿಂಗಳಾದ ಮೇಲೆ ಮಾನಸ ರಸ್ತೆಯಲ್ಲಿ ಸಿಕ್ಕಾಗ ನಾಗಭೂಷಣ್ ಸ್ಕೂಟರ್ ನಿಲ್ಲಿಸಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಅರ್ಧ ಗಂಟೆ ಅಂದ್ರಲ್ಲಮ್ಮಾ, ಅವಳು ಬೆಳಗ್ಗೆ ಹಾಸಿದ ಮ್ಯಾಟ್ ಸುತ್ತೋದೇ ಇಲ್ಲ. ನಾನು ಅಂಗಡಿಗೆ ಹೊರಟಾಗಲೂ ಅದ್ರ ಮೇಲೇ ಇರ್ತಾಳೆ!" ಅವರ ಮುಖದಲ್ಲಿ ಹೆಮ್ಮೆಯಿತ್ತು. ಒಳ್ಳೆಯ ಮನುಷ್ಯ. ಸುಳ್ಳು ಹೇಳುತ್ತಿರಲಿಲ್ಲ. ಕಂಡದ್ದನ್ನೇ ಹೇಳಿದರು.

ಆ ವೈಶಾಖದಲ್ಲಿ ಒಂದು ದಿನ ಬೆಳಗ್ಗೆ ಹತ್ತೂವರೆಗೆ ನಾನು ಅವರ ಮನೆಗೆ ಹೋದೆ. ಬೆಳಗ್ಗೆ ಕಿತ್ತ ಕರಿಬೇವು ಸಾಲದಾಗಿತ್ತು. ಬಾಗಿಲು ತೆರೆದೇ ಇತ್ತು. ಸುಂದರಿ ನೀಲಿ ಮ್ಯಾಟಿನ ಮೇಲೆ ಕೂತಿದ್ದಳು. ಸುತ್ತ ಪತ್ರಿಕೆಗಳು. ಮುಂದೆ ಅರಿಶಿನದ ಬಟ್ಟಲು.

"ಏನೇ ಇದು, ಮ್ಯಾಟ್ ಮೇಲೆ ಕೂತು ಅರಿಶಿನ ಹಚ್ತಿದೀಯ?"

"ನೆಲ ಒತ್ತತ್ತೆ ಅಕ್ಕ" ಎಂದಳು. ಮಾತು ಸ್ವಲ್ಪ ತೊದಲಿದ ಹಾಗಿತ್ತು.

ಅವಳ ಹೆಬ್ಬೆರಳು ಪತ್ರಿಕೆಯ ಮೂಲೆಗೆ ಹೋಗುತ್ತಿರಲಿಲ್ಲ. ವಧೂವರರ ಹೆಸರಿನ ಮೇಲೆ ಅರಿಶಿನ ಬಿದ್ದಿತ್ತು. ಹತ್ತು ಹನ್ನೆರಡು ಪತ್ರಿಕೆ ಹಾಗೇ ಕೆಟ್ಟಿದ್ದವು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಪತ್ರಿಕೆ ಕೆಟ್ಟದ್ದನ್ನು ನಾನು ಕಂಡಿರಲಿಲ್ಲ.

ನನಗೆ ಏನನ್ನಿಸಿತು ಗೊತ್ತೇ? ತಿಂಡಿ ತಿಂದಿಲ್ಲ, ಸುಸ್ತು ಎನ್ನಿಸಿತು. ಒಳಗೆ ಹೋಗಿ ಕಾಫಿ ಮಾಡಿ ತಂದೆ. ಕುಡಿಯುವಾಗ ಬಾಯಿಯ ಒಂದು ಪಕ್ಕದಿಂದ ಸೋರಿತು. ಸೆರಗಿನಿಂದ ಒರೆಸಿದೆ. ನಾಗಭೂಷಣ್ ಅವರಿಗೆ ಫೋನ್ ಮಾಡಿದೆ.

"ರಾತ್ರಿ ನಿದ್ದೆ ಸರಿ ಇಲ್ಲ ಅವಳಿಗೆ. ಸ್ವಲ್ಪ ಮಲಗಲಿ ಬಿಡಿ. ಅಂಗಡೀಲಿ ಗಿರಾಕಿ ಇದಾರೆ, ಊಟಕ್ಕೆ ಬರ್ತೀನಿ" ಎಂದರು.

ಮಲಗಿಸಿ, ಫ್ಯಾನ್ ಹಾಕಿ, ಕರಿಬೇವು ಕಿತ್ತುಕೊಂಡು ಮನೆಗೆ ಬಂದೆ. ಆ ದಿನದ ಸಾರಿಗೆ ಆ ಕರಿಬೇವನ್ನೇ ಹಾಕಿದ್ದೆ.

ನಾಗಭೂಷಣ್ ಅವರಿಗೆ ಊಟಕ್ಕೆ ಬರಲಾಗಲಿಲ್ಲ. ಮೂರು ಗಂಟೆಗೆ ಹರ್ಷಿತಾ ಕಾಲೇಜಿನಿಂದ ಬಂದಳು. ಅಮ್ಮನ ಮುಖ ಒಂದು ಕಡೆಗೆ ವಾಲಿರುವುದನ್ನು ನೋಡಿ ಕಿರುಚಿದ್ದು ನಮ್ಮ ಅಡುಗೆಮನೆಗೆ ಕೇಳಿತು. ಆಸ್ಪತ್ರೆ ತಲುಪಿದಾಗ ನಾಲ್ಕು ಗಂಟೆ ಸಮೀಪಿಸಿತ್ತು.

ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟೊತ್ತಿಗೆ ಶುರುವಾಯ್ತು?"

ನಾನು ಹೇಳಿದೆ. ಹತ್ತೂವರೆ.

ಅವರು ಗಡಿಯಾರ ನೋಡಿದರು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಪಾರ್ಶ್ವವಾಯು ಎಂದರು. ಆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಶುರುವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು, ಈಗ ಹೊತ್ತು ಮೀರಿದೆ ಎಂದರು. ನಾಗಭೂಷಣ್ ಗೋಡೆಗೆ ಒರಗಿ ಕೂತುಬಿಟ್ಟರು. ಅವರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸುಂದರಿ ಬದುಕಿದಳು. ಇಪ್ಪತ್ತೆರಡು ದಿನದ ಮೇಲೆ ಮನೆಗೆ ಬಂದಳು. ಬಲಗಾಲು ಎಳೆಯುತ್ತಿತ್ತು. ಬಲಗೈ ಮಡಿಲಲ್ಲಿ ಇಟ್ಟ ಕಡೆ ಹಾಗೇ ಇರುತ್ತಿತ್ತು. ಮಾತು ತುಂಡು ತುಂಡಾಗಿ ಬರುತ್ತಿತ್ತು. ಆಸ್ಪತ್ರೆಯವರು ಬರೆದುಕೊಟ್ಟ ವ್ಯಾಯಾಮಗಳನ್ನು ಮಾಡಿಸುವುದು ಹೇಗೆಂದು ತೋರಿಸಲು ಮಾನಸ ಬಂದಳು.

"ಕೆಳಗೆ ಏನಾದ್ರೂ ಹಾಸ್ಬೇಕು ಸರ್. ಅವತ್ತಿನ ಮ್ಯಾಟ್ ಇದೆಯಲ್ಲ?"

"ಇದೆ, ಇದೆ" ಎಂದು ನಾಗಭೂಷಣ್ ಅವಸರದಿಂದ ಎದ್ದರು. ಬಾಗಿಲ ಹಿಂದೆ ಸುತ್ತಿಟ್ಟಿದ್ದ ಮ್ಯಾಟ್ ತಂದರು. "ಇಷ್ಟು ಚೆನ್ನಾಗಿ ದಿನಾ ಮಾಡ್ತಿದ್ಲು ಮಾನಸ. ಆದ್ರೂ ಹೀಗಾಗೋಯ್ತು ನೋಡು. ಏನು ಮಾಡಿ ಏನು ಬಂತು..." ಎನ್ನುತ್ತಾ ನೆಲದ ಮೇಲೆ ಬಿಡಿಸಿದರು.

ನೀಲಿ ಮ್ಯಾಟಿನ ತುಂಬ ಹಳದಿ. ನಡುವೆ ಒಬ್ಬರು ಚಕ್ಕಂಬಕ್ಕಳ ಹಾಕಿ ಕೂರುವಷ್ಟು ಜಾಗ ಮಾತ್ರ ಸ್ವಚ್ಛ ನೀಲಿ. ಅದರ ಸುತ್ತ ಅರಿಶಿನದ ಚುಕ್ಕೆಗಳು, ಹೆಬ್ಬೆರಳು ಒರೆಸಿದ ಗೆರೆಗಳು. ಬಲಪಕ್ಕದಲ್ಲಿ ಬಟ್ಟಲು ಇಡುತ್ತಿದ್ದ ಕಡೆ ಗುಂಡನೆಯ ಗುರುತು. ಕಾಲು ಚಾಚಿ ಮಲಗಿದ ಗುರುತು ಎಲ್ಲಿಯೂ ಇಲ್ಲ. ಪಾದ ಊರಿ ನಿಂತ ಗುರುತು ಎಲ್ಲಿಯೂ ಇಲ್ಲ.

ನಾಗಭೂಷಣ್ ಬಗ್ಗಿದವರು ಬಗ್ಗಿಯೇ ಇದ್ದರು. ಮಾನಸ ಸುಂದರಿಯ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅಮ್ಮ, ಎಷ್ಟು ದಿನ ಮಾಡಿದ್ರಿ?"

ಸುಂದರಿ ಎಡಗೈ ಎತ್ತಿದಳು. ನಾಲ್ಕು ಬೆರಳು ತೋರಿಸಿದಳು.

"ನಾಲ್ಕು ತಿಂಗಳಾ?"

ಅವಳು ತಲೆ ಅಲ್ಲಾಡಿಸಿದಳು. "ದಿ... ದಿನ."

"ನನಗ್ಯಾಕೆ ಹೇಳ್ಲಿಲ್ಲ ಸುಂದರಿ?" ಎಂದರು ನಾಗಭೂಷಣ್.

ಅವಳು ಬಹಳ ಹೊತ್ತು ಮಾತು ಹುಡುಕಿದಳು. "ನೀವು... ಖುಷಿ... ಇದ್ರಿ."

ಹರ್ಷಿತಾ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬಿಟ್ಟ ಶಬ್ದ ಕೇಳಿಸಿತು. ಬಹಳ ಹೊತ್ತು ಅದು ನಿಲ್ಲಲಿಲ್ಲ.

"ಜಿಮ್‌ಗೇ ಕಳಿಸಿದ್ರೆ ಹೀಗಾಗ್ತಿರ್ಲಿಲ್ಲ ಅಲ್ವಾ?" ಎಂದು ನಾಗಭೂಷಣ್ ಮಾನಸಳನ್ನು ಕೇಳಿದರು. "ನಿಜ ಹೇಳು."

"ಹಾಗೆ ನಾನು ಹೇಳಲ್ಲ ಸರ್" ಎಂದಳು ಅವಳು. "ಯಾರೂ ಹೇಳೋಕಾಗಲ್ಲ. ದಿನಾ ಮಾತ್ರೆ ತಪ್ಪಿಸದೆ, ಮೈ ದುಡಿಸಿ, ಉಪ್ಪು ಕಡಿಮೆ ಮಾಡಿದ್ರೆ ಅಪಾಯ ಕಡಿಮೆ ಆಗುತ್ತೆ. ಅಷ್ಟು ನಿಜ. ಜಿಮ್ಮಾದ್ರೂ ಒಂದೇ, ಮನೆಯಾದ್ರೂ ಒಂದೇ. ಆದ್ರೆ ಈ ಮನೇಲಿ ಅಮ್ಮನಿಗೆ ಆ ಅರ್ಧ ಗಂಟೆ ಯಾವತ್ತೂ ಸಿಗ್ಲೇ ಇಲ್ಲ. ಮ್ಯಾಟ್ ಹಾಸಿದಾರೆ ಅಂದ್ರೆ ಮಾಡ್ತಿದಾರೆ ಅಂತ ನಾನೂ ನಂಬಿದೆ ಸರ್. ಒಳಗೆ ಬಂದು ಅಮ್ಮನ್ನೇ ಕೇಳ್ಬೇಕಿತ್ತು."

ಮಾತ್ರೆಯ ವಿಷಯವೂ ಆಮೇಲೆ ತಿಳಿಯಿತು. ಪೂಜೆಯಾಗದೆ ಅವಳು ನೀರೂ ಕುಡಿಯುತ್ತಿರಲಿಲ್ಲ. ಸೀಸನ್ನಿನಲ್ಲಿ ಪೂಜೆ ತಡವಾಗುತ್ತಿತ್ತು, ಪೂಜೆಯಾದ ಕೂಡಲೇ ಪತ್ರಿಕೆಯ ಕೆಲಸ, ಮಾತ್ರೆ ಮರೆತುಹೋಗುತ್ತಿತ್ತು. ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ಬೇರೆ ಹೊತ್ತಿಗೆ ಬರೆದುಕೊಡುತ್ತಿದ್ದರು. ಕೇಳಲೂ ಅವಳಿಗೆ ಹೊತ್ತಿರಲಿಲ್ಲ.

ಈಗ ಒಂದು ವರ್ಷವಾಯಿತು. ನಾಗಭೂಷಣ್ ಅರಿಶಿನ ಹಚ್ಚಿಕೊಡುವುದನ್ನು ನಿಲ್ಲಿಸಿದ್ದಾರೆ. ಗಿರಾಕಿಗಳು ಕೇಳಿದರೆ, "ನಿಮ್ಮನೇಲೇ ಎಲ್ಲಾ ಕೂತು ಹಚ್ಕೊಳ್ಳಿ. ಒಬ್ರೇ ಹೆಂಗಸಿಗೆ ಬಿಡಬೇಡಿ" ಎನ್ನುತ್ತಾರಂತೆ. ಬೆಳಗ್ಗೆ ಆರೂವರೆಗೆ ಅವರ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಬೆಲ್ಲಿನ ಸ್ವಿಚ್ ಆರಿಸುತ್ತಾರೆ. ಫೋನುಗಳನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ಬರುತ್ತಾರೆ. ನಾಗಭೂಷಣ್ ಹೆಂಡತಿಯ ಬಲಗೈ ಹಿಡಿದು ಒಂದೊಂದೇ ಬೆರಳು ಬಿಡಿಸುತ್ತಾರೆ, ಮಡಿಸುತ್ತಾರೆ. ಆಮೇಲೆ ಕೋಲು ಹಿಡಿಸಿ ನಡುಮನೆಯಲ್ಲಿ ನಡೆಸುತ್ತಾರೆ. ಈಗ ಬಾಗಿಲವರೆಗೆ ಹೋಗಿ ಬರುತ್ತಾಳೆ. ಕೈ ಮೊದಲಿನಂತಾಗುತ್ತದೆಯೇ ಎಂದು ಕೇಳಿದರೆ ಮಾನಸ ಸುಳ್ಳು ಹೇಳುವುದಿಲ್ಲ. "ಮಾಡ್ತಾ ಇರೋಣ ಅಮ್ಮ" ಎನ್ನುತ್ತಾಳೆ, ಅಷ್ಟೇ.

ಹರ್ಷಿತಾ ಜಿಮ್ ಬಿಟ್ಟು ಅಮ್ಮನ ಪಕ್ಕದಲ್ಲೇ ಕೂತಿದ್ದಳು. ಒಂದು ಬೆಳಗ್ಗೆ ಸುಂದರಿಯೇ ಕೋಲೂರಿಕೊಂಡು ಹೋಗಿ, ಆ ಹಳೆಯ ಬೂಟನ್ನು ಎಡಗೈಯಲ್ಲಿ ತಂದು ಮಗಳ ಮುಂದೆ ಇಟ್ಟಳು. "ಹೋಗು" ಎಂದಳು. ಆ ಮಾತು ಮಾತ್ರ ತೊದಲಲಿಲ್ಲ.

ಅಂದಹಾಗೆ, ಕರಿಬೇವನ್ನು ನಾನು ಈಗ ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳುತ್ತೇನೆ. ಮೊದಲೂ ಹಾಗೆ ತಂದಿಟ್ಟುಕೊಳ್ಳಬಹುದಿತ್ತು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೂವತ್ತು ದಾಟಿದವರು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಶುಗರ್ ನೋಡಿಸಿಕೊಳ್ಳಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಯಾರದೇ ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕಾಫಿ ಕೊಡಬೇಡಿ, ಮಲಗಿಸಿ ಬರಬೇಡಿ. ಹೊತ್ತು ಎಷ್ಟೆಂದು ನೋಡಿಕೊಂಡು ಕೂಡಲೇ 108ಕ್ಕೆ ಫೋನ್ ಮಾಡಿ. ನಾನು ಮಾಡಲಿಲ್ಲ. ನೀವು ಮಾಡಿ.

ಇನ್ನು ವ್ಯಾಯಾಮ ಜಿಮ್‌ನಲ್ಲೋ ಮನೆಯಲ್ಲೋ ಎಂಬ ಪ್ರಶ್ನೆ. ಅದನ್ನು ಮಾಡಬೇಕಾದವಳನ್ನೇ ಕೇಳಿ. ಅವಳು ಜಿಮ್ ಎಂದರೆ ಗೇಟಿನಲ್ಲಿ ನಿಂತು ನಗಬೇಡಿ. ಮನೆ ಎಂದರೆ ಬರೀ ಮ್ಯಾಟ್ ತಂದುಕೊಟ್ಟು ಕೈತೊಳೆದುಕೊಳ್ಳಬೇಡಿ. ನಾಳೆ ಬೆಳಗ್ಗೆ ನಿಮ್ಮ ಮನೆಯ ಹೆಂಗಸು ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಅವಳನ್ನು ಕರೆಯಬೇಡಿ. ಕನ್ನಡಕ ನೀವೇ ಹುಡುಕಿಕೊಳ್ಳಿ.